ಮೂತಿ ತೂಕ

"ಎಷ್ಟು?" ಎಂದು ಕೃಷ್ಣಪ್ರಸಾದ ಗಾಡಿಯ ಅಡಿಯಲ್ಲಿ ಮಲಗಿಕೊಂಡೇ ಕೇಳಿದ.

ವಿಜಯಾ ಮೊಣಕಾಲಿಗೆ ಕೈ ಊರಿ ಬಗ್ಗಿದಳು. ಇಷ್ಟು ವರ್ಷ ಬಚ್ಚಲುಮನೆಯ ಮೂಲೆಯಲ್ಲಿ ಬಿದ್ದುಕೊಂಡು ಮನೆಯವರ ಗುಟ್ಟು ಕಾಯ್ದಿದ್ದ ತೂಕದ ಯಂತ್ರ ಈಗ ಮನೆ ಮುಂದಿನ ಡ್ರೈವ್‌ವೇನಲ್ಲಿ, ಲಂಡನ್ ಅಂಚಿನ ಸಟನ್ನಿನ ನೆರೆಹೊರೆಗೆಲ್ಲ ಕಾಣುವಂತೆ ಕೂತಿತ್ತು. ಅದರ ಮೇಲೊಂದು ಮರದ ತುಂಡು, ಆ ತುಂಡಿನ ಮೇಲೆ ಕ್ಯಾರವಾನಿನ ಮೂತಿ, ಅಂದರೆ ಕಾರಿಗೆ ಕಟ್ಟಿ ಎಳೆಯುವ ಆ ಮನೆಗಾಡಿಯ ಮುಂತುದಿ.

"ಎಂಬತ್ತನಾಲ್ಕು."

"ಜಾಸ್ತಿಯಾಯ್ತು. ನಮ್ಮ ಕಾರು ತಡೆಯೋದೇ ಎಂಬತ್ತು. ಮುಂದಿನ ಪೆಟ್ಟಿಗೇಲಿ ಗ್ರೈಂಡರ್ ಇದೆಯಲ್ಲ, ಅದನ್ನ ತೆಗೆದು ಮಧ್ಯದ ಬೀರುವಿಗೆ ಹಾಕು."

"ಅದು ಹನ್ನೆರಡು ಕೇಜಿ ಇದೆ ರೀ. ನನ್ನ ಸೊಂಟ ಎಷ್ಟು ತಡೆಯತ್ತೆ ಅಂತ ಯಾವ ಪುಸ್ತಕದಲ್ಲಾದ್ರೂ ಬರೆದಿದ್ಯಾ?"

"ಸೊಂಟ ಮುರಿದ್ರೆ ಜೋಡಿಸೋಕೆ ನಾನಿದ್ದೀನಿ, ಎತ್ತೇ."

ಜೋಡಿಸೋಕೆ ನಾನಿದ್ದೀನಿ ಅನ್ನುವ ಮಾತು ಇಬ್ಬರಿಗೂ ಚುಚ್ಚಿತು. ಇಪ್ಪತ್ತೇಳು ವರ್ಷ ಮೂಳೆ ಜೋಡಿಸಿದ ಕೃಷ್ಣಪ್ರಸಾದ ಆಸ್ಪತ್ರೆ ಬಿಟ್ಟು ಎಂಟು ತಿಂಗಳಾಗಿತ್ತು. ಆಪರೇಷನ್ ನಡುವೆ ಅವನ ಬಲಗೈ ಸ್ವಲ್ಪ ನಡುಗಿತು, ಪಕ್ಕದಲ್ಲಿದ್ದ ನರ್ಸ್ ಆ ಕೈಯನ್ನು ಅರ್ಧ ಕ್ಷಣ ಹೆಚ್ಚಿಗೆ ನೋಡಿದಳು. ಅಷ್ಟೇ ಆದದ್ದು. ಅದೇ ವಾರ ರಾಜೀನಾಮೆ ಬರೆದುಕೊಟ್ಟ. ನರದ ಡಾಕ್ಟರು ಪರೀಕ್ಷೆ ಮಾಡಿ, ಇದು ವಯಸ್ಸಿನ ನಡುಕ, ಇನ್ನೇನೂ ಅಲ್ಲ, ಕಾರು ಓಡಿಸಬಹುದು, ಚಹಾ ಕುಡಿಯಬಹುದು, ಚಾಕು ಹಿಡಿಯುವುದು ನಿಮ್ಮ ಇಷ್ಟ ಅಂದರು. ನಾಲ್ಕು ತಿಂಗಳು ಅವನು ಕಿಟಕಿಯ ಹತ್ತಿರ ಕೂತು ಚಹಾ ಕುಡಿದ. ಐದನೆಯ ತಿಂಗಳು ಈ ಸೆಕೆಂಡ್ ಹ್ಯಾಂಡ್ ಕ್ಯಾರವಾನನ್ನು ಕೊಂಡು ತಂದ. ಅದರ ಕೈಪಿಡಿಯನ್ನು ಎಂ.ಎಸ್. ಪರೀಕ್ಷೆಗೆ ಓದಿದ ಹಾಗೆ ಅಡಿಗೆರೆ ಎಳೆದು ಓದಿದ. ತನ್ನ ಕೈಗೆ ಇನ್ನೂ ಬರುವ ಕೆಲಸ ಒಂದಾದರೂ ಉಂಟು ಎಂದು ಅವನು ತನಗೇ ತೋರಿಸಿಕೊಳ್ಳುತ್ತಿದ್ದಾನೆ ಎಂಬುದು ವಿಜಯಾಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ, ಹೋಟೆಲಿನ ಬಿಳಿ ಹಾಸಿಗೆಯನ್ನು ಬಿಟ್ಟು ತಗಡಿನ ಡಬ್ಬಿಯಲ್ಲಿ ಮಲಗುವುದು ಅವಳಿಗೆ ಸ್ವಲ್ಪವೂ ಇಷ್ಟವಿಲ್ಲದಿದ್ದರೂ ಗ್ರೈಂಡರ್ ಎತ್ತಿದಳು.

"ಎಪ್ಪತ್ತೈದು," ಎಂದಳು ಹೊರಗೆ ಬಂದು.

"ಎಪ್ಪತ್ತೈದಾ? ನೋಡು, ಸರಿಯಾಗಿ ನೋಡು."

"ಎಪ್ಪತ್ತೈದೇ ರೀ. ನನ್ನ ತೂಕವೂ ಇಷ್ಟೇ ಸುಲಭವಾಗಿ ಇಳಿಯೋ ಹಾಗಿದ್ರೆ."

ಅವನ ಮುಖ ಅರಳಿತು. ಕಾರಿಗೆ ಕ್ಯಾರವಾನನ್ನು ಜೋಡಿಸಿ, ಹಿಂದಿನ ಚಕ್ರದ ಕಮಾನಿನಿಂದ ನೆಲದವರೆಗೆ ಟೇಪು ಹಿಡಿದು ಅಳೆದ. ಟೇಪಿನ ಆ ತುದಿ ಅವನ ಕೈಯಲ್ಲಿ ಸಣ್ಣಗೆ ಅದುರುತ್ತಿದ್ದಾಗ ಈ ತುದಿ ಹಿಡಿದಿದ್ದ ವಿಜಯಾ ಎದುರು ಮನೆಯ ಗುಲಾಬಿ ಗಿಡ ನೋಡಿದಳು. ಆಮೇಲೆ ಗಾರೆಯವರ ಹಾಗೆ ಕ್ಯಾರವಾನಿನ ನೆಲದ ಮೇಲೆ ರಸಮಟ್ಟ ಇಟ್ಟು, ಗುಳ್ಳೆ ನಡುವಿಗೆ ಬಂದದ್ದನ್ನು ಅವಳನ್ನು ಕರೆದು ತೋರಿಸಿದ.

"ಏತ ನೋಡಿದ್ದೀಯಲ್ಲ? ಇದೂ ಹಾಗೇ. ಭಾರವೆಲ್ಲ ಗಾಲಿಯ ಅಚ್ಚಿನ ಮೇಲೆ ಕೂತಿರ್ಬೇಕು, ಮೂತಿ ಒಂದಿಷ್ಟು ಕಾರಿನ ಮೇಲೆ ಒರಗಿರ್ಬೇಕು. ಹಿಂದುಗಡೆ ಭಾರ ಹಾಕಿದ್ಯೋ, ಮೂತಿ ಹಗುರಾಗತ್ತೆ, ಬಾಲ ಆಡ್ಸೋಕೆ ಶುರು ಮಾಡತ್ತೆ. ನಾಯಿ ಬಾಲ ಆಡ್ಸಿದ್ರೆ ಪ್ರೀತಿ. ಇದು ಆಡ್ಸಿದ್ರೆ ನಾವು ಚರಂಡೀಲಿ."

ಅದು ಶುಕ್ರವಾರ ಸಂಜೆ. ಮಾರನೆಯ ಬೆಳಿಗ್ಗೆ ಡೆವನ್‌ಗೆ ಹೊರಡುವುದು. ಪ್ರತಿವರ್ಷ ಮೇ ಕೊನೆಗೆ ನಾಲ್ಕು ಡಾಕ್ಟರ ಕುಟುಂಬಗಳು, ಹದಿನಾಲ್ಕು ಜನ, ಒಂದು ವಾರ ಸಮುದ್ರದ ಹತ್ತಿರ ಸೇರಿ, ಸಮುದ್ರವನ್ನು ಹತ್ತು ನಿಮಿಷ ನೋಡಿ, ಉಳಿದ ಹೊತ್ತೆಲ್ಲ ಅಡಿಗೆ ಮಾಡಿಕೊಂಡು ತಿನ್ನುವ ಪದ್ಧತಿ. ದಿನಸಿಯ ಹೊಣೆ ವಿಜಯಾಳದು. ಟೂಟಿಂಗ್‌ನ ಇಂಡಿಯನ್ ಅಂಗಡಿಯಿಂದ ಸೋನಾ ಮಸೂರಿಯ ಎರಡು ದೊಡ್ಡ ಚೀಲ, ತೊಗರಿಬೇಳೆ, ಉದ್ದು, ಎರಡು ಕ್ಯಾನು ಎಣ್ಣೆ ತಂದಿದ್ದಳು. ಗ್ರೈಂಡರೂ ಸೇರಿ ಎಲ್ಲ ಕ್ಯಾರವಾನಿನ ನಡುವಿನ ಬೀರುವಿನಲ್ಲಿತ್ತು.

ಶನಿವಾರ ಬೆಳಿಗ್ಗೆ ಕೃಷ್ಣಪ್ರಸಾದ ಸ್ನಾನಕ್ಕೆ ಹೋದಾಗ ಅವಳು ಸಾರಿನ ಪುಡಿಯ ಡಬ್ಬಿ ಇಡಲು ಆ ಬೀರು ತೆರೆದಳು. ಡಬ್ಬಿ ಹಿಂದಿನ ಹಲಗೆಗೆ ತಾಗಿ ಟೊಳ್ಳು ಸದ್ದಾಯಿತು. ಏನಿದು ಎಂದು ಸುತ್ತಿ ಹೋಗಿ ಆ ಕಡೆಯ ಬಾಗಿಲು ತೆಗೆದು ನೋಡಿದರೆ ಕಕ್ಕಸು. ಬೆರಳಿನಷ್ಟೂ ದಪ್ಪವಿಲ್ಲದ ಹಲಗೆಯ ಆ ಕಡೆ ಕಕ್ಕಸು, ಈ ಕಡೆ ಹದಿನಾಲ್ಕು ಜನ ಉಣ್ಣುವ ಅಕ್ಕಿ.

ವಿಜಯಾ ಮಡಿವಂತಳೇನಲ್ಲ. ಲಂಡನ್ನಿಗೆ ಬಂದ ಮೂವತ್ತಮೂರು ವರ್ಷಗಳಲ್ಲಿ ಮೈಸೂರಿನ ಅಗ್ರಹಾರದ ಮಡಿಯೆಲ್ಲ ಒಂದೊಂದಾಗಿ ಉದುರಿತ್ತು. ಮೊದಲ ಚಳಿಗಾಲಕ್ಕೇ ಒದ್ದೆ ಬಟ್ಟೆ ಹೋಯಿತು, ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಸಿಕ್ಕಮೇಲೆ ಏಕಾದಶಿ ಹೋಯಿತು, ಮಗ ಶಮಂತ್ ಹುಟ್ಟಿದ ಮೇಲೆ ಮೊಟ್ಟೆಯೂ ಮನೆಯೊಳಗೆ ಬಂತು. ಆದರೆ ಅಕ್ಕಿ ಕಕ್ಕಸಿನ ಗೋಡೆಗೆ ಒರಗಿ ಕೂರುವುದು ಮಾತ್ರ ಅವಳಿಂದ ಆಗದು. ಅದಕ್ಕೆ ಶಾಸ್ತ್ರ ಬೇಕಿರಲಿಲ್ಲ, ಆ ಅನ್ನವನ್ನು ಅವಳು ಬಾಯಿಗೆ ಇಡಲಾರಳು. ಕ್ಯಾರವಾನಿನಲ್ಲಿ ಕಕ್ಕಸಿನಿಂದ ಅತಿ ದೂರದ ಜಾಗ ಯಾವುದೆಂದು ನೋಡಿದಳು. ತೀರ ಹಿಂದೆ, ಮಂಚದ ಕೆಳಗೆ. ಅಲ್ಲಿ ಖಾಲಿಯಿತ್ತು. ಚೀಲಗಳನ್ನು ಎಳೆದಳು, ಕ್ಯಾನುಗಳನ್ನು ಸಾಗಿಸಿದಳು, ಗ್ರೈಂಡರನ್ನು ಮಗುವಿನಂತೆ ತಬ್ಬಿ ಒಯ್ದಳು. ಒಟ್ಟು ಅರವತ್ತು ಕೇಜಿಯ ಮೇಲಿತ್ತು. ನಿನ್ನೆಯ ಏತದ ಪಾಠ ನೆನಪಾಗಲಿಲ್ಲವೇ ಎಂದರೆ, ಆಯಿತು. ಆದರೆ ಗಂಡಂದಿರು ಹೇಳುವ ಎಲ್ಲ ಅಪಾಯಗಳೂ ನಿಜವಾಗಿದ್ದರೆ ಈ ಲೋಕದಲ್ಲಿ ಒಬ್ಬ ಹೆಂಡತಿಯೂ ಬದುಕಿರುತ್ತಿರಲಿಲ್ಲ ಎಂಬುದು ಅವಳ ಅನುಭವ.

ಹೊರಡುವಾಗ ಅವನು ಕೇಳಿದ. "ಒಳಗೆ ಏನೂ ಕದಲಿಸಿಲ್ಲ ತಾನೇ?"

"ನಾನ್ಯಾಕೆ ಕದಲಿಸ್ಲಿ?" ಎಂದಳು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆ ಧಾಟಿಯ ಪ್ರಶ್ನೆಗೆ ಮೂವತ್ತಮೂರು ವರ್ಷದಿಂದ ಅವಳ ಬಾಯಿಂದ ಬರುತ್ತಿದ್ದುದು ಅದೊಂದೇ ಉತ್ತರ.

ಎ ತ್ರೀ ಹೆದ್ದಾರಿಯಲ್ಲಿ, ಹುಕ್ ಎಂಬ ಊರು ದಾಟಿದ ಮೇಲೆ, ಇಳಿಜಾರಿನಲ್ಲಿ ಅದು ನಡೆಯಿತು. ಕೃಷ್ಣಪ್ರಸಾದ ಐವತ್ತೈದು ಮೈಲಿಯಲ್ಲಿ ಹೋಗುತ್ತಿದ್ದ. ಪಕ್ಕದಿಂದ ದೊಡ್ಡ ಲಾರಿಯೊಂದು ಹಾದುಹೋಯಿತು. ಅದರ ಗಾಳಿಗೆ ಕ್ಯಾರವಾನ್ ಒಮ್ಮೆ ಆ ಕಡೆ ತೂಗಿತು, ಆಮೇಲೆ ಈ ಕಡೆ, ಆಮೇಲೆ ಮೊದಲಿಗಿಂತ ಜೋರಾಗಿ ಆ ಕಡೆ. ಕಾರಿನ ಹಿಂಭಾಗವನ್ನು ಯಾರೋ ಕತ್ತು ಹಿಡಿದು ಅಲ್ಲಾಡಿಸುತ್ತಿದ್ದ ಹಾಗಿತ್ತು. ಕನ್ನಡಿಯಲ್ಲಿ ಕ್ಯಾರವಾನಿನ ಒಂದು ಮಗ್ಗುಲು ಕಾಣಿಸಿತು, ಮರೆಯಾಯಿತು, ಇನ್ನೊಂದು ಮಗ್ಗುಲು ಕಾಣಿಸಿತು. ಯಾರೋ ಉದ್ದಕ್ಕೆ ಹಾರ್ನ್ ಹೊಡೆದರು. ವಿಜಯಾಗೆ ಹಿಂದಿನಿಂದ ದಢ್ ಎಂದು ಗ್ರೈಂಡರ್ ಉರುಳಿದ ಸದ್ದು ಕೇಳಿಸಿತು. ಅಥವಾ ಕೇಳಿಸಿತು ಅನ್ನಿಸಿತು. ಅವಳಿಗೆ ಆಗಲೇ ಎಲ್ಲ ಗೊತ್ತಾಯಿತು.

ಕೃಷ್ಣಪ್ರಸಾದ ಬ್ರೇಕ್ ಒತ್ತಲಿಲ್ಲ. ಸ್ಟಿಯರಿಂಗ್ ತಿರುಗಿಸಲಿಲ್ಲ. ಆಕ್ಸಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗ್ ಚಕ್ರವನ್ನು ನೇರ ಹಿಡಿದು, ಕಾರು ತಾನಾಗಿ ನಿಧಾನವಾಗುವವರೆಗೆ ಕೂತ. ಕ್ಯಾರವಾನ್ ಇನ್ನೆರಡು ಸಲ ತೂಗಿ ತಣ್ಣಗಾಯಿತು.

ರಸ್ತೆ ಬದಿಯ ಲೇಬೈನಲ್ಲಿ ನಿಲ್ಲಿಸಿ ಎಂಜಿನ್ ಆರಿಸಿದ. ವಿಜಯಾ "ರೀ" ಎಂದು ಶುರುಮಾಡಿದ್ದಳು. ಅಷ್ಟರಲ್ಲಿ ಅವನು ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡ. ಈಗ ಅವು ಸಣ್ಣಗೆ ಅದುರುತ್ತಿರಲಿಲ್ಲ, ಎಲ್ಲರ ಕೈಯೂ ನಡುಗುವ ಹಾಗೆ ಜೋರಾಗಿಯೇ ನಡುಗುತ್ತಿದ್ದವು.

"ನನ್ನ ಕೈಯಿಂದ ಆಯ್ತು," ಎಂದ. "ಇವತ್ತು ನಿನ್ನ ಕೊಂದುಬಿಡ್ತಿದ್ದೆ."

ವಿಜಯಾ ಅಕ್ಕಿಯ ಮಾತು ಎತ್ತದೆ ಸೀಟ್ ಬೆಲ್ಟ್ ಸರಿಮಾಡಿಕೊಂಡಳು. ನಲವತ್ತು ಮೈಲಿಯಲ್ಲಿ ತೆವಳಿಕೊಂಡು ಮನೆಗೆ ಬಂದರು. ಅವನು ಕ್ಯಾರವಾನನ್ನು ಕಾರಿನಿಂದ ಬಿಚ್ಚಿ, ಒಳಗೆ ಇಣುಕಿಯೂ ನೋಡದೆ, ಡೆವನ್‌ನ ಗೆಳೆಯರಿಗೆ ಫೋನ್ ಮಾಡಿ ತನಗೆ ಹುಷಾರಿಲ್ಲವೆಂದು ಹೇಳಿ, ಮಹಡಿ ಹತ್ತಿ ಮಲಗಿದ.

ಅಮ್ಮನ ಮೆಸೇಜ್ ನೋಡಿ ಶಮಂತ್ ಊರಿನ ಇನ್ನೊಂದು ತುದಿಯ ಕ್ಯಾನರಿ ವಾರ್ಫ್‌ನಿಂದ ಫೋನ್ ಮಾಡಿದ. ಅವನಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಬರುತ್ತದೆ. ಅಪ್ಪ ಇನ್ನು ಕಾರು ಮುಟ್ಟಬಾರದು ಎಂದ. ನಾನು ಕ್ರಿಸ್ಮಸ್‌ನಿಂದಲೂ ಇದನ್ನೇ ಹೇಳುತ್ತಿದ್ದೇನೆ, ಈಗಲಾದರೂ ಅವರಿಗೇ ಅನ್ನಿಸಿದೆಯಲ್ಲ, ನೀನು ಅಡ್ಡ ಬರಬೇಡ ಎಂದ. "ಪ್ರಾಮಿಸ್ ಮಿ, ಅಮ್ಮ."

"ಹೂಂ," ಎಂದಳು ವಿಜಯಾ.

ಫೋನ್ ಇಟ್ಟು ಅಡಿಗೆಮನೆಯಲ್ಲಿ ನಿಂತು ಲೆಕ್ಕ ಹಾಕಿದಳು. ಸುಮ್ಮನಿದ್ದರೆ ಕ್ಯಾರವಾನ್ ಹೋಗುತ್ತದೆ. ಹೋಟೆಲಿನ ಬಿಳಿ ಹಾಸಿಗೆ ವಾಪಸ್ಸು ಬರುತ್ತದೆ. ಮಗನಿಗೆ ನೆಮ್ಮದಿ. ಗಂಡನಿಗೂ ಅರವತ್ತಮೂರು, ಇವತ್ತಲ್ಲದಿದ್ದರೆ ಇನ್ನೈದು ವರ್ಷಕ್ಕೆ ಕಾರು ಬಿಡಲೇಬೇಕು. ಸುಮ್ಮನಿರುವುದಕ್ಕೆ ಇಷ್ಟೊಂದು ಒಳ್ಳೆಯ ಕಾರಣಗಳಿದ್ದುದು ಕಂಡು ಅವಳಿಗೇ ಗಾಬರಿಯಾಯಿತು. ಹಾಗೆಂದು ನಿಜ ಹೇಳಲು ಮಹಡಿ ಹತ್ತಲಿಲ್ಲ. ಕ್ಯಾರವಾನಿಗೆ ಹೋಗಿ, ಅಕ್ಕಿ, ಬೇಳೆ, ಎಣ್ಣೆ, ಗ್ರೈಂಡರ್ ಎಲ್ಲವನ್ನೂ ಹಿಂದಿನ ಮಂಚದ ಕೆಳಗಿನಿಂದ ಎಳೆದು, ಶುಕ್ರವಾರ ಅವನು ಇಡಿಸಿದ್ದ ಕಡೆಗೇ ಇಟ್ಟಳು. ಕಕ್ಕಸಿನ ಗೋಡೆಗೆ ಆನಿಸಿಯೇ ಇಟ್ಟಳು.

ಸಂಜೆ ಅವನು ಕೆಳಗಿಳಿದು ಬಂದು ಒಂದು ಹಾಳೆ, ಪೆನ್ನು ಅವಳ ಮುಂದಿಟ್ಟ.

"ಬರಿ. ನಾನು ಹೇಳ್ತೀನಿ."

"ಏನು?"

"ಲೈಸೆನ್ಸ್ ಆಫೀಸಿಗೆ. ಲೈಸೆನ್ಸ್ ವಾಪಸ್ ಕೊಡ್ತಿದ್ದೀನಿ ಅಂತ. ನಾನೇ ಬರೀಬಹುದಿತ್ತು. ನನ್ನ ಅಕ್ಷರ ನೋಡಿದ್ರೆ ಅವರು ಕಾಗದ ಓದೋಕೆ ಮುಂಚೇನೇ ಒಪ್ಕೊಂಡುಬಿಡ್ತಾರೆ." ನಕ್ಕ. ಅವಳು ನಗಲಿಲ್ಲ. ಅವನು ಹೇಳುತ್ತ ಹೋದ, ಅವಳು ಬರೆಯುತ್ತ ಹೋದಳು. ಔಷಧದ ಚೀಟಿಗಳ ಮೇಲೆ ಬರೆದೂ ಬರೆದೂ ಅವಳ ಅಕ್ಷರ ಮುದ್ರಣದ ಹಾಗಿತ್ತು. 'ನನ್ನ ಸ್ವಂತ ಇಚ್ಛೆಯಿಂದ' ಎಂಬಲ್ಲಿ ಪೆನ್ನು ಒಂದು ಗಳಿಗೆ ನಿಂತಿತು, ಮತ್ತೆ ನಡೆಯಿತು. ಅವನು ಸಹಿ ಹಾಕಿ, ಲಕೋಟೆ ಅಂಟಿಸಿ, ಸೋಮವಾರ ಬ್ಯಾಂಕ್ ಹಾಲಿಡೇ ರಜೆ, ಮಂಗಳವಾರ ಪೋಸ್ಟ್ ಮಾಡು ಎಂದು ಅವಳ ಕೈಗೇ ಕೊಟ್ಟ.

ಭಾನುವಾರ ಹತ್ತು ಗಂಟೆಗೆ ಚಂದ್ರಶೇಖರ್ ಬಂದ. ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಕ್ಯಾರವಾನ್ ಮಾರಾಟಕ್ಕಿದೆ ಎಂದು ಕೃಷ್ಣಪ್ರಸಾದ ಶನಿವಾರ ರಾತ್ರಿ ಹಾಕಿದ್ದನ್ನು ನೋಡಿ ಬಂದವನು. ಧಾರವಾಡದ ಕಡೆಯವನು, ಟ್ಯೂಬ್ ರೈಲಿನ ಸಿಗ್ನಲ್ ವಿಭಾಗದಲ್ಲಿ ಮೂವತ್ತು ವರ್ಷ ನೆಲದ ಕೆಳಗೇ ಕಳೆದು, ನಿವೃತ್ತನಾದ ಮೇಲೆ ಆಕಾಶ ಕಾಣುವ ಕಡೆಗೆಲ್ಲ ಕ್ಯಾರವಾನ್ ಎಳೆದುಕೊಂಡು ಹೋಗುವವನು. ಬಂದವನೇ ಟೈರು ಒದ್ದ, ತಗಡು ತಟ್ಟಿದ, ಮೂಲೆಮೂಲೆ ಮೂಸಿದ.

"ನಮಸ್ಕಾರ್ರೀ ಅಕ್ಕಾರ. ನಂದು ಇದು ನಾಕನೇದು. ಮೊದಲ್ನೇದು ಸೋರತಿತ್ತು, ಎರಡನೇದು ಕೊಳೀತು, ಮೂರನೇದನ್ನ ನಮ್ಮ ಮನಿಯಾಕಿ ಮಾರಿಸಿದ್ಲು. ಏನ್ರೀ ಡಾಕ್ಟ್ರ, ಸಾಮಾನೆಲ್ಲಾ ಒಳಗ ಐತಲ್ರಿ?"

"ನಿನ್ನೆ ಹೊರಟಿದ್ವಿ. ಇಳಿಸಿಲ್ಲ ಇನ್ನೂ."

"ಇಳಸಬ್ಯಾಡ್ರಿ. ತುಂಬಿದ್ದಾಗನ ಗಾಡಿ ಹಣೇಬಾರ ಗೊತ್ತಾಕ್ಕೈತಿ." ತನ್ನ ಚೀಲದಿಂದ ಮೂತಿ ತೂಕ ಅಳೆಯುವ ಕೊಳವೆಯಂಥ ಸಾಧನ ತೆಗೆದು, ಮೊಣಕಾಲೂರಿ, ಕ್ಯಾರವಾನಿನ ಮೂತಿಯನ್ನು ಅದರ ಮೇಲಿಳಿಸಿದ. "ಎಪ್ಪತ್ತೈದ! ಏನ್ ಛಂದ ತೂಗಸೀರಿ ಡಾಕ್ಟ್ರ. ಹಿಂಗ ತೂಗಿಸಿದ ಗಾಡಿ ಬಂಗಾರ ಇದ್ದಂಗ. ಮತ್ತ ಯಾಕ ಮಾರಾಕತ್ತೀರಿ?"

ಕೃಷ್ಣಪ್ರಸಾದ ಬಗ್ಗಿ ಆ ಅಂಕಿಯನ್ನು ಬಹಳ ಹೊತ್ತು ನೋಡಿದ. ರೋಗಿಯ ಎಕ್ಸ್‌ರೇ ನೋಡುತ್ತಿದ್ದ ಮುಖ ಅದು. ಅನುಮಾನ ಇದ್ದದ್ದು ಖಾತ್ರಿಯಾದಾಗ ಅವನು ಹೀಗೇ ಎರಡು ಸಲ ತಲೆಯಾಡಿಸುತ್ತಿದ್ದ.

"ಗಾಡೀದೇನೂ ತಪ್ಪಿಲ್ಲ," ಎಂದ. "ನನ್ನ ಕೈ ನಡುಗತ್ತೆ. ನಿನ್ನೆ ಎ ತ್ರೀಲಿ ಹಾವಾಡಿದ ಹಾಗೆ ಆಡಿಬಿಡ್ತು. ತೂಕ ಸರಿ ಇದೆ, ಮಟ್ಟ ಸರಿ ಇದೆ. ಅಂದಮೇಲೆ ಉಳಿದದ್ದು ನಾನೇ ತಾನೇ?"

ನಡುಕದ ಮಾತನ್ನು ಅವನು ಇದುವರೆಗೆ ಮಗನೆದುರು ಆಡಿರಲಿಲ್ಲ, ಡೆವನ್‌ನ ಗೆಳೆಯರೆದುರು ಆಡಿರಲಿಲ್ಲ. ಹತ್ತು ನಿಮಿಷದ ಹಿಂದೆ ಪರಿಚಯವಾದವನ ಮುಂದೆ, ಸೋರಿಕೆಯ ವಿಷಯ ಹೇಳುವಷ್ಟು ಸಲೀಸಾಗಿ ಆಡಿದ. ಚಂದ್ರಶೇಖರ್ ತನ್ನ ಬೂಟು ನೋಡಿಕೊಂಡ.

"ಕೈಯಲ್ಲ ರೀ," ಎಂದಳು ವಿಜಯಾ. "ನಾನು."

ಇಬ್ಬರೂ ತಿರುಗಿದರು.

"ಅಕ್ಕಿ, ಬೇಳೆ, ಗ್ರೈಂಡರ್, ಎಲ್ಲಾ ಹಿಂದಿನ ಮಂಚದ ಕೆಳಗಿತ್ತು. ನೀವು ಸ್ನಾನಕ್ಕೆ ಹೋದಾಗ ನಾನೇ ಇಟ್ಟೆ. ಕಕ್ಕಸಿನ ಪಕ್ಕ ಅಕ್ಕಿ ಇಟ್ಟಿದ್ರಿ, ನನಗೆ ಸರಿಬರಲಿಲ್ಲ."

ಕೃಷ್ಣಪ್ರಸಾದನ ಮುಖದಲ್ಲಿ ಸಿಟ್ಟು ಬರಲಿಲ್ಲ. ಬಂದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಬಂದದ್ದು ಮರುಕ.

"ವಿಜೀ, ಬೇಡ. ಕೆಟ್ಟ ಸುದ್ದಿ ಹೇಳೋವಾಗ ಮನೆಯವರಿಗೆ ಏನಾದ್ರೂ ಒಂದು ಕಾರಣ ಹುಡುಕಿ ಕೊಡೋದನ್ನ ನಾನು ಇಪ್ಪತ್ತೇಳು ವರ್ಷ ಮಾಡಿದ್ದೀನಿ. ಆ ಮಾತ್ರೆ ನನಗೇ ಕೊಡ್ತಿದ್ದೀಯಲ್ಲ."

"ನಿಜ ಹೇಳ್ತಿದ್ದೀನಿ ರೀ."

"ಕದಲಿಸಿದ್ರೆ ಎಪ್ಪತ್ತೈದು ಹೇಗೆ ಬರತ್ತೆ? ತೂಕ ನೋಡಿದ್ಯಲ್ಲ? ಹೋಗಿ ಇವರಿಗೆ ಕಾಫಿ ಮಾಡು."

ವಿಜಯಾ ಕಾಫಿ ಮಾಡಲು ಹೋಗಲಿಲ್ಲ. ಕ್ಯಾರವಾನಿನೊಳಗೆ ಹತ್ತಿ ಬೀರು ತೆರೆದಳು. ಮೊದಲ ಅಕ್ಕಿ ಚೀಲವನ್ನು ಎರಡೂ ಕಿವಿ ಹಿಡಿದು ಹಿಂದಕ್ಕೆ ಎಳೆದಳು. ನೆಲಕ್ಕೆ ಉಜ್ಜಿದ ಚೀಲದಿಂದ ಸರಸರ ಸದ್ದು ಬಂತು. ಎರಡನೆಯದು. ಆಮೇಲೆ ಬೇಳೆ, ಉದ್ದು. ಬಾಗಿಲಲ್ಲಿ ಚಂದ್ರಶೇಖರ್ ಇಣುಕಿದ.

"ಅಕ್ಕಾರ, ಬಿಡ್ರಿ, ನಾ ಎತ್ತತೀನಿ."

"ಮುಟ್ಟಬೇಡಿ," ಎಂದಳು. "ನೀವು ಹೊರಗೆ ನಿಂತು ಅಂಕಿ ನೋಡಿ."

ಎಣ್ಣೆಯ ಕ್ಯಾನುಗಳು. ಗ್ರೈಂಡರ್. ಗ್ರೈಂಡರ್ ಎತ್ತುವಾಗ ಸೊಂಟದಲ್ಲಿ ಏನೋ ಚಳಕ್ ಎಂದಿತು, ಕಣ್ಣಲ್ಲಿ ನೀರು ಬಂತು, ಅದು ಸೊಂಟದ್ದೇ ನೀರು ಎಂದುಕೊಂಡು ಒರೆಸಿಕೊಳ್ಳಲಿಲ್ಲ. ಎಲ್ಲವನ್ನೂ ಮಂಚದ ಕೆಳಗೆ ತುರುಕಿ ಕೆಳಗಿಳಿದು ಬಂದಳು. "ಈಗ ನೋಡಿ."

ಚಂದ್ರಶೇಖರ್ ಮತ್ತೆ ಮೊಣಕಾಲೂರಿದ. ಸಾಧನವನ್ನು ಒಮ್ಮೆ ತೆಗೆದು ಮತ್ತೆ ಇಟ್ಟ.

"ನಲವತ್ನಾಕ," ಎಂದ. ಇನ್ನೊಮ್ಮೆ ನೋಡಿದ. "ನಲವತ್ನಾಕ ಐತ್ರಿ ಡಾಕ್ಟ್ರ! ನಲವತ್ನಾಕರಾಗ ಲಾರಿ ಗಾಳಿ ಹೊಡದ್ರ ದೇವರ ಕೈಯಾಗೂ ಗಾಡಿ ನಿಂದ್ರಂಗಿಲ್ಲ. ನೀವ್ ಹೆಂಗ ನಿಂದ್ರಿಸಿದ್ರಿ? ಬ್ರೇಕ್ ಹಾಕಿದ್ರೇನು?"

"ಇಲ್ಲ," ಎಂದ ಕೃಷ್ಣಪ್ರಸಾದ. "ನೇರ ಹಿಡಿದಿದ್ದೆ."

"ನೇರ ಹಿಡದಿದ್ರಾ! ಯಪ್ಪಾ! ನಾನಾಗಿದ್ರ ಬ್ರೇಕ್ ತುಳದು ಇಷ್ಟೊತ್ತಿಗೆ ಫೋಟೋದಾಗ ಇರತಿದ್ದೆ. ನಿಮ್ಮ ಕೈಯಿಂದನ ಅಕ್ಕಾರ ಉಳದಾರ. ನಡುಗಿದ್ರ ನಡುಗವಲ್ದ್ಯಾಕ!"

ವಿಜಯಾ ಗಂಡನ ಮುಖ ನೋಡಿದಳು. ಅಲ್ಲಿ ಏನೋ ಹಗುರಾಗುವುದನ್ನು ಅವಳು ಕಾದಳು. ಅವನು ಅಂಕಿಯನ್ನು ನೋಡುತ್ತಿರಲಿಲ್ಲ, ಕ್ಯಾರವಾನಿನ ತೆರೆದ ಬಾಗಿಲನ್ನು ನೋಡುತ್ತಿದ್ದ.

"ವಾಪಸ್ ಯಾವಾಗ ಇಟ್ಟೆ?" ಎಂದು ಕೇಳಿದ.

ಅವಳಿಗೆ ಈ ಪ್ರಶ್ನೆ ಬರುತ್ತದೆಂದು ಹೊಳೆದಿರಲಿಲ್ಲ. "ನಿನ್ನೆ ಮಧ್ಯಾಹ್ನ. ನೀವು ಮಲಗಿದ್ರಿ."

"ಮಲಗಿದ್ದೆ. ನಿದ್ದೆ ಬಂದಿರಲಿಲ್ಲ. ನೀನು ಅತ್ತಿತ್ತ ಎಳೆದಾಡೋ ಸದ್ದು ಕೇಳಿಸ್ತಿತ್ತು. ಪಾಪ, ಅಷ್ಟು ಹೆದರಿದ್ರೂ ಒಬ್ಬಳೇ ಹೋಗಿ ಕ್ಯಾರವಾನ್ ಚೊಕ್ಕ ಮಾಡ್ತಿದ್ದಾಳೆ ಅಂದ್ಕೊಂಡೆ." ಸ್ವಲ್ಪ ತಡೆದು ಹೇಳಿದ, "ಆಮೇಲೆ ನೀನು ಕಾಗದ ಬರ್ಕೊಟ್ಟೆ."

"ರೀ..."

"ಒಳ್ಳೇ ಅಕ್ಷರದಲ್ಲಿ ಬರ್ಕೊಟ್ಟೆ."

ಅವನು ಜೇಬಿನಿಂದ ಕಾರಿನ ಕೀ ತೆಗೆದ. ಚಂದ್ರಶೇಖರನಿಗೆ "ಒಂದು ನಿಮಿಷ" ಎಂದು ಮರ್ಯಾದೆಯಿಂದ ಹೇಳಿ, ಕಾರಿನಲ್ಲಿ ಕೂತು, ಹಿಂದಕ್ಕೆ ತೆಗೆದು ರಸ್ತೆಗಿಳಿಸಿದ. ಕ್ಯಾರವಾನಿಗೂ ಗೇಟಿನ ಕಂಬಕ್ಕೂ ನಡುವೆ ಕಾರಿನ ಎರಡೂ ಬದಿಗೆ ಒಂದೊಂದು ಗೇಣು ಮಾತ್ರ ಜಾಗ ಉಳಿಯುತ್ತಿತ್ತು. ಕಾರು ಎಲ್ಲಿಯೂ ತಾಗಲಿಲ್ಲ.

ಭಾನುವಾರದ ಬೀದಿ ಖಾಲಿಯಿತ್ತು. ಅದರ ತುದಿಯಲ್ಲಿ ಎಡಕ್ಕೆ ತಿರುಗಿದರೆ ನಾಲ್ಕು ಮನೆ ಸುತ್ತಿ ಮತ್ತೆ ಇಲ್ಲಿಗೇ ಬರಬಹುದು, ಬಲಕ್ಕೆ ತಿರುಗಿದರೆ ದೊಡ್ಡ ರಸ್ತೆ. ಕಾರು ತುದಿಗೆ ಹೋಗಿ ನಿಂತಿತು.

ಚಂದ್ರಶೇಖರ್ ಮಂಡಿಯ ಧೂಳು ಕೊಡವಿಕೊಂಡು ಎದ್ದ. ಅವನಿಗೆ ಇಲ್ಲಿ ಏನು ನಡೆಯಿತೆಂದು ಪೂರ್ತಿ ತಿಳಿದಿರಲಿಲ್ಲ, ಒಳ್ಳೆಯದೇ ಆಗಿರಬೇಕು ಎಂದುಕೊಂಡಿದ್ದ. "ಹಂಗಾರ ಅಕ್ಕಾರ, ಮಾರ್ತೀರೋ, ಇಲ್ಲೋ?" ಎಂದು ಕೇಳಿದ.

ವಿಜಯಾ ಗೇಟಿನವರೆಗೆ ನಡೆದಳು. ಬೀದಿಯ ತುದಿಯಲ್ಲಿ ಅಡ್ಡ ಬರುವ ಗಾಡಿ ಒಂದೂ ಇರಲಿಲ್ಲ. ಕಾರಿನ ಬ್ರೇಕಿನ ಎರಡು ಕೆಂಪು ದೀಪಗಳು ಉರಿಯುತ್ತಲೇ ಇದ್ದವು. ಎಡಕ್ಕೋ ಬಲಕ್ಕೋ ಎಂದು ತೋರಿಸುವ ಹಳದಿ ದೀಪ ಮಾತ್ರ ಇನ್ನೂ ಹತ್ತಿರಲಿಲ್ಲ.